ಹದಿನಾಲ್ಕು ಊರುಗಳನ್ನು ಒಂದೇ ಬೋರ್ಡಿಗೆ ತುರುಕಿದವರಿಗೆ

ಬಸ್ ನಿಲ್ದಾಣದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಹೊಸ ಬೋರ್ಡುಗಳ ದೆಸೆಯಿಂದ ಎರಡು ವಾರದ ಹಿಂದಿನ ಶುಕ್ರವಾರ ನನ್ನ ಅಕ್ಕನಿಗೆ ಡಯಾಲಿಸಿಸ್ ತಪ್ಪಿತು. ವಿಷಯ ಇಷ್ಟೇ. ಉಳಿದದ್ದು ವಿವರಣೆ, ಬಿಡುವಿದ್ದರೆ ಓದಿ.

ಅಕ್ಕನಿಗೆ ಎಪ್ಪತ್ತೊಂದು. ವಾರಕ್ಕೆ ಎರಡು ಸಲ ಪಕ್ಕದ ಪಟ್ಟಣದ ಆಸ್ಪತ್ರೆಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಜೊತೆಗೆ ಬರುತ್ತೇನೆಂದರೆ, "ಸೂಜಿ ಚುಚ್ಚೋದು ನನಗೆ. ನೀನ್ಯಾಕೆ ಮುಖ ಕಿವುಚ್ಕೊಂಡು ಕೂರ್ಬೇಕು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥವಳು ಅಂದು ಬೋರ್ಡಿನ ಕೆಳಗೇ ನಿಂತು ಎರಡು ಬಸ್ಸು ಬಿಟ್ಟು, ಮೂರನೆಯದನ್ನು ಹತ್ತಿ, ಇನ್ಯಾವುದೋ ಊರಿನಲ್ಲಿ ಇಳಿದಳು. ಬಸ್ಸಿನ ಹಣೆಯ ಮೇಲೂ ನಿಮ್ಮದು ಅದೇ ಅಕ್ಷರ ತಾನೆ? ಪಾಸು ತೋರಿಸಿದವಳನ್ನು ಕಂಡಕ್ಟರೂ ಎಲ್ಲಿಗೆಂದು ಕೇಳಲಿಲ್ಲವಂತೆ. ಯಾರನ್ನಾದರೂ ಕೇಳಬಾರದಿತ್ತೇ ಎನ್ನುತ್ತೀರಿ. ಅರವತ್ತು ವರ್ಷ ಓದಿಕೊಂಡು ಬಂದವಳಿಗೆ, ಓದು ಬಾರದವಳಂತೆ ಕೇಳಲು ನಾಚಿಕೆಯಾಯಿತಂತೆ. ಮರುದಿನ ಕಾಲು ಊದಿ, ಉಸಿರು ಸಾಲದೆ ದಿಂಬಿಗೊರಗಿ ಕೂತಿದ್ದವಳು ಹೇಳಿದಳು: "ಅದು ಅಕ್ಷರಾನಾ? ನಾನು ಕಿಟಕಿ ಸರಳು ಅಂದ್ಕೊಂಡೆ ಕಣೋ."

ನಾನು ಮೂವತ್ತೆಂಟು ವರ್ಷ ಬೋರ್ಡು ಬರೆದವನು. ನಿಮ್ಮ ಬೋರ್ಡಿನ ಆ ದಪ್ಪನೆಯ ಇಕ್ಕಟ್ಟು ಅಕ್ಷರದ ಮೇಲೆ ನನಗೆ ಹಗೆಯಿಲ್ಲ. ಅಂಗಡಿಯ ನೆತ್ತಿಯ ಮೇಲೆ ಎರಡೇ ಪದ ಬರೆಯಿರಿ, ಪೈಲ್ವಾನನಂತೆ ತೊಡೆ ತಟ್ಟಿ ನಿಲ್ಲುತ್ತದೆ. ನೀವು ಆ ಪೈಲ್ವಾನನನ್ನು ಕಣ್ಣಿನ ಕಸ ತೆಗೆಯಲು ಕರೆಸಿದ್ದೀರಿ. ನಮ್ಮ ಅಕ್ಷರಗಳು ಹುಟ್ಟಾ ದುಂಡಗಿನವು, ಅವುಗಳ ಹೊಟ್ಟೆಯೊಳಗೆ ಬೆಳಕಾಡಬೇಕು. ಹದಿನಾಲ್ಕು ಊರು ಹಿಡಿಸಲೆಂದು ಎರಡೂ ಪಕ್ಕೆ ಹಿಂಡಿ, ಸಾಲದ್ದಕ್ಕೆ ಮೈ ದಪ್ಪ ಮಾಡಿ, ಆ ಬೆಳಕನ್ನೇ ಮುಚ್ಚಿಬಿಟ್ಟಿರಿ. ಒತ್ತಕ್ಷರಗಳಂತೂ ಬಸ್ಸಿನ ಬಾಗಿಲಿಗೆ ಸಿಕ್ಕ ಸೆರಗಿನಂತೆ ಒದ್ದಾಡುತ್ತಿವೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿತ್ತು. ಸೀಮೆಸುಣ್ಣದಲ್ಲಿ ಗೀಚಿ, ಬಣ್ಣ ತುಂಬುವ ಮೊದಲು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ದಾರಿಹೋಕರೊಬ್ಬರನ್ನು ಕರೆದು ಓದಿಸುವುದು. ಅವರು ತಡವರಿಸಿದರೆ ಅಳಿಸುವುದು. ನಿಮ್ಮ ಕಚೇರಿಗೆ ಬಂದು, ಯಾರಿಂದಲಾದರೂ ಓದಿಸಿ ನೋಡಿದಿರಾ ಎಂದು ಕೇಳಿದೆ. ನಿಮ್ಮ ಗುಮಾಸ್ತರು ಹೆಮ್ಮೆಯಿಂದ, "ಸಾಹೇಬ್ರು ಗೋಡೆ ತುಂಬ ಪರದೆ ಮೇಲೆ ಹಾಕ್ಸಿ ನೋಡೇ ಒಪ್ಪಿದ್ದು ಅಜ್ಜ. ಎಲ್ರೂ ಚಪ್ಪಾಳೆ ಹೊಡೆದ್ರು" ಎಂದರು. ಹೌದು ಸ್ವಾಮಿ, ಗೋಡೆಯಷ್ಟು ಹಿಗ್ಗಿಸಿದರೆ ಇರುವೆಯ ಮೀಸೆಯೂ ಕಾಣುತ್ತದೆ. ಪ್ರಯಾಣಿಕರಿಗೆ ನೀವು ಕೊಟ್ಟಿರುವುದು ಗೋಡೆಯನ್ನಲ್ಲ, ತಲೆಯ ಮೇಲೆ ಎಲ್ಲೋ ತೂಗುಬಿದ್ದ ಒಂದು ಹಲಗೆಯನ್ನು. ಚಪ್ಪಾಳೆ ಹೊಡೆದವರಲ್ಲಿ ಬಸ್ಸು ಕಾಯುವವರು ಎಷ್ಟು ಮಂದಿ ಇದ್ದರು?

ಆದ್ದರಿಂದ ಬರುವ ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಾರು ಬಿಟ್ಟು ಎರಡನೇ ಪ್ಲಾಟ್‌ಫಾರಂಗೆ ಬನ್ನಿ. ಬೆಂಚಿನ ಹತ್ತಿರ ನಿಂತು, ಅಕ್ಕನ ಬಸ್ಸು ಯಾವುದೆಂದು ಓದಿ ಹೇಳಿ. ತಡವರಿಸಿದರೆ ಬೋರ್ಡನ್ನು ಅಂದೇ ಇಳಿಸಿ, ಒಂದೊಂದಕ್ಕೆ ನಾಲ್ಕೇ ಊರು ಹಾಕಿ ಅಗಲ ಅಕ್ಷರದಲ್ಲಿ ಬರೆಸಿ. ಈಗ ಅಕ್ಕನನ್ನು ಹತ್ತಿಸಲು ನಾನು ಹೋಗುತ್ತಿದ್ದೇನೆ. ಕಾವಲಿಗೆ ಬಂದೆನೆಂದು ಮುನಿದು, ದಾರಿಯುದ್ದಕ್ಕೂ ಅವಳು ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಾಳೆ. ಸುತ್ತ ನಿಂತವರು ಮಾತ್ರ, "ಅಜ್ಜ, ಇದು ಎಲ್ಲಿಗೆ ಹೋಗತ್ತೆ?" ಎಂದು ಒಬ್ಬರಾದ ಮೇಲೊಬ್ಬರು ಕೇಳುತ್ತಾರೆ.

ಇಂತಿ,
ನಿಮ್ಮ ನಿಲ್ದಾಣದಲ್ಲಿ ಮಂಗಳವಾರ, ಶುಕ್ರವಾರ ಮಾತ್ರ ಲಭ್ಯವಿರುವ,
ಬಾಯಿ ಇರುವ ಬೋರ್ಡು