ಕಾಗೆ ಓದಿದ ಕೋಲು

ಶುಕ್ರವಾರ, ಮಧ್ಯಾಹ್ನ

ನನ್ನ ಮಗಳಿಗೆ,

ಆಶೀರ್ವಾದ ಮೊದಲು, ಜಗಳ ಆಮೇಲೆ. ಎರಡನ್ನೂ ಈ ಪತ್ರದಲ್ಲಿ ಧಾರಾಳವಾಗಿ ಇಟ್ಟಿದ್ದೇನೆ.

ನಿನ್ನೆ ತೀರ ಸಂರಕ್ಷಣಾ ಸಮಿತಿಯ ಸಭೆಯಲ್ಲಿ ನಾನು ಎದ್ದು ಪ್ರಶ್ನೆ ಕೇಳಿದಾಗ ನೀನು ನನ್ನ ಕಡೆ ತಿರುಗದೆಯೇ, "ಟೀಚರ್, ನಿಮ್ಮ ಅಭಿಪ್ರಾಯ ಏನಿದ್ರೂ ಬರವಣಿಗೇಲಿ ಕೊಡಿ" ಎಂದೆ. ಹೆತ್ತವಳನ್ನು 'ಟೀಚರ್' ಎಂದು ಕರೆದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅದು ಸಭೆಯ ಮರ್ಯಾದೆ. ಹಚ್ಚಿಕೊಂಡಿಲ್ಲ ಎಂದು ಬರೆಯುವಷ್ಟರಲ್ಲಿ ಎರಡು ಹಾಳೆ ಹರಿದು ಹಾಕಿದ್ದೇನೆ, ಅಷ್ಟೆ. ಇಗೋ, ಬರವಣಿಗೆ. ನಾಳೆ ಯಾರು ಓದಿದರೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ.

ನೀನು ಸಂಶೋಧನೆ ನಡೆಸುವ ಈ ಸಂರಕ್ಷಿತ ತೀರದಲ್ಲಿ ರೀವ ಎಂಬ ನೀರಹಕ್ಕಿಗಳು ಗೂಡು ಕಟ್ಟುವ ಗೋಜಿಗೆ ಹೋಗದೆ ಬರಿಯ ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣವೂ ಮರಳಿನದೇ. ತುಳಿದವರಿಗೆ ತುಳಿದ ಮೇಲೆಯೇ ತಿಳಿಯುವುದು. ಆದ್ದರಿಂದ ನಿನ್ನ ಸಿಬ್ಬಂದಿ ಮೊಟ್ಟೆ ಕಂಡಲ್ಲೆಲ್ಲ ಪಕ್ಕದಲ್ಲಿ ಸಂಖ್ಯೆ ಬರೆದ ಕಿತ್ತಳೆ ಬಟ್ಟೆ ಕಟ್ಟಿದ ಬಿದಿರು ಕೋಲೊಂದನ್ನು ನೆಡುತ್ತಾರೆ. ವಾರಕ್ಕೊಮ್ಮೆ ಕೋಲಿನಿಂದ ಕೋಲಿಗೆ ನಡೆದು, ಮೊಟ್ಟೆ ಉಳಿದಿದೆಯೇ ಇಲ್ಲವೇ ಎಂದು ಬರೆದುಕೊಳ್ಳುತ್ತಾರೆ. ನಾನು, ನಿವೃತ್ತ ಪೋಸ್ಟ್‌ಮಾಸ್ಟರು ಮುಂತಾದ ಸ್ವಯಂಸೇವಕರು ಹಲಗೆಯ ಮರೆಯಲ್ಲಿ ಕುಳಿತು ದುರ್ಬೀನಿನಿಂದ ನೋಡುತ್ತೇವೆ. 'ನೋಡುತ್ತೇನೆ' ಎನ್ನುವುದೇ ಹೆಚ್ಚು ಸರಿ. ಪೋಸ್ಟ್‌ಮಾಸ್ಟರು ಬೆನ್ನು ಒರಗಿಸಿದ ಕೂಡಲೇ ಗೊರಕೆ ಹೊಡೆಯುತ್ತಾರೆ.

ನಾನು ಕಂಡದ್ದು ಇಷ್ಟು. ಕಾಗೆಯೊಂದು ಬಂದು ಕೋಲಿನ ತುದಿಯಲ್ಲಿ ಕೂರುತ್ತದೆ. ಕೆಳಗಿಳಿದು ಮೊಟ್ಟೆ ಒಡೆಯುತ್ತದೆ. ಆಮೇಲೆ ಮರಳಲ್ಲಿ ಹುಡುಕಾಡುವುದಿಲ್ಲ. ಕತ್ತು ತಿರುಗಿಸಿ, ಮುಂದಿನ ಕೋಲು ಎಲ್ಲಿದೆ ಎಂದು ನೋಡಿ, ನೇರ ಅಲ್ಲಿಗೇ ಹಾರುತ್ತದೆ. ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಮಾಡುವ ಮಕ್ಕಳನ್ನು ಕೆಲಸವಿದ್ದಷ್ಟು ಕಾಲವೂ ಕಂಡಿದ್ದೇನೆ. ಆ ಕತ್ತಿನ ತಿರುವು ನನಗೆ ಚೆನ್ನಾಗಿ ಗೊತ್ತು. ಪೋಸ್ಟ್‌ಮಾಸ್ಟರನ್ನು ಎಬ್ಬಿಸಿ ತೋರಿಸಿದೆ. "ಬಿಡಿ ಟೀಚರ್, ಕಾಗೆಗೂ ಹಾಜರಿ ಹಾಕ್ತೀರಾ?" ಎಂದು ನಕ್ಕರು. ಕಾಗೆ ಮೂರನೆಯ ಕೋಲಿಗೆ ಹಾರಿದಾಗ ನಗು ನಿಂತಿತು. "ಅಲ್ರೀ, ನಾವೇ ವಿಳಾಸ ಬರ್ದು ಕೊಟ್ಟ ಹಾಗಾಯ್ತಲ್ಲ!" ಎಂದರು.

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯಿದೆ. ನಮ್ಮ ಬೇಲಿ ಮೇಯಲಿಲ್ಲ. ಹೊಲ ಇಲ್ಲಿದೆ ಬನ್ನಿ ಎಂದು ಕಳ್ಳರನ್ನು ಕೈಬೀಸಿ ಕರೆಯಿತು.

ಅಂದೇ ನಿನಗೆ ಹೇಳಿದೆ. "ಅಮ್ಮ, ಒಂದು ಕಾಗೆ ನೋಡ್ಕೊಂಡು ಪದ್ಧತಿ ಬದಲಾಯಿಸೋಕಾಗಲ್ಲ" ಎಂಬುದು ನಿನ್ನ ಉತ್ತರ. ಮರುದಿನ ಫೋನಿನಲ್ಲಿ ಮತ್ತೆ ಹೇಳಿದೆ. "ಬೇರೆ ತೀರಗಳಲ್ಲೂ ಇದೇ ಪದ್ಧತಿ. ಇಲ್ಲಿ ಮಾತ್ರ ಬಿಟ್ರೆ ಹೋಲಿಸೋದು ಹೇಗೆ? ಕೋಲು ಕಿತ್ರೆ ನಮ್ಮವರೇ ಮೊಟ್ಟೆ ತುಳೀತಾರೆ, ಅದಕ್ಕೇನು ಮಾಡ್ತೀಯ ಹೇಳು?" ಎಂದು ನೀನು ರೇಗಿದೆ. ಆ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಕೋಲಿನ ಬದಲು ಚಪ್ಪಟೆ ಕಲ್ಲೊಂದನ್ನು ಗುರುತಿಗೆ ಇಡಬಹುದಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನ್ ಇಟ್ಟಾಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಗಾದೆಯನ್ನು ಹೆತ್ತ ಮಗಳಿಗೆ ಅನ್ವಯಿಸಬಾರದೆಂದು ಇಲ್ಲಿಗೇ ನಿಲ್ಲಿಸುತ್ತೇನೆ.

ಮೊಟ್ಟೆಗಳ ನಾಶಕ್ಕೆ ಮನುಷ್ಯರ ಹಾವಳಿಯೇ ಕಾರಣ ಎನ್ನುತ್ತದೆ ನಿನ್ನ ವರದಿ. ಮನುಷ್ಯರು ಎಂದರೆ ಚಿಪ್ಪು ಆಯುವ ಹೆಂಗಸರು. ಅವರ ಹೊಟ್ಟೆಪಾಡಿಗೆ ಇರುವ ಒಂದೇ ಒಂದು ದಂಡೆಯ ಹಾದಿಗೆ ಸೋಮವಾರ ಬೇಲಿ ಬೀಳುತ್ತದೆ. ಅವರಲ್ಲಿ ಹಿರಿಯಳು ಮೊನ್ನೆ ನನ್ನನ್ನು ತಡೆದು ನಿಲ್ಲಿಸಿ, "ಮೊಟ್ಟೆ ಕದ್ದು ತಿನ್ನೋ ಗತಿ ನಮಗಿನ್ನೂ ಬಂದಿಲ್ಲ ಟೀಚರಮ್ಮ. ಬೇಲಿ ಹಾಕಿದ್ರೆ ಬರುತ್ತೆ. ನಿಮ್ಮ ಮಗಳಿಗೆ ಹೇಳಿ" ಎಂದಳು. ಹೇಳಲು ನಿನ್ನ ಕಿವಿ ಎಲ್ಲಿ ಸಿಗುತ್ತದೆ?

ಈಗ ಮುಖ್ಯ ವಿಷಯ. ಕುಳಿತುಕೊಂಡು ಓದು.

ದಕ್ಷಿಣದ ತುದಿಯಲ್ಲಿ ಹಕ್ಕಿಗಳು ಮೊಟ್ಟೆ ಇಡುವುದಿಲ್ಲ. ಅಲ್ಲಿನ ಮರಳು ಸದಾ ಒದ್ದೆ. ಕಳೆದ ವಾರ ಅಲ್ಲಿ ನಾನೇ ಕೋಲುಗಳನ್ನು ನೆಟ್ಟೆ. ಕೋಲುಗಳು ನನ್ನ ಹಿತ್ತಲಿನ ಟೊಮೆಟೊ ಗಿಡಗಳಿಗೆ ಆಸರೆಯಾಗಿದ್ದವು. ಬಟ್ಟೆ ಹಳೆಯ ಕಿಟಕಿ ಪರದೆಯದು. ಸ್ವಯಂಸೇವಕರು ಯಾವ ಕೋಲನ್ನೂ ಕೀಳಬಾರದು, ಸರಿಸಬಾರದು ಎಂಬುದು ನಿನ್ನ ನಿಯಮ. ನೆಡಬಾರದು ಎಂದು ಅದರಲ್ಲಿಲ್ಲ. ಇದು ಕುತರ್ಕವೆಂದು ನನಗೂ ಗೊತ್ತು. ತರಗತಿಯಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೆ ಬಾಯಿಮಾತು ನಾಟದವಳಿಗೆ ಕೋಲನ್ನಲ್ಲದೆ ಇನ್ನೇನನ್ನು ನೆಡಲಿ?

ಹಕ್ಕಿಯೂ ಮೊಟ್ಟೆಯೂ ಇಲ್ಲದ ಆ ಜಾಗಕ್ಕೆ ಕಾಗೆಗಳು ಬಂದವು. ಒಂದೊಂದು ಕೋಲಿನ ಬುಡವನ್ನೂ ಕೆದಕಿ, ಪೆಚ್ಚಾಗಿ, ಮುಂದಿನದಕ್ಕೆ ಹಾರಿದವು. ಪೋಸ್ಟ್‌ಮಾಸ್ಟರು ಸಾಕ್ಷಿ, ಅಂದು ಅವರು ನಿದ್ದೆ ಮಾಡಲಿಲ್ಲ. ಇದನ್ನೇ ಹೇಳಬೇಕೆಂದು ನಿನ್ನೆ ಸಭೆಗೆ ಬಂದೆ. ಅಷ್ಟರಲ್ಲಿ ನೀನು ನಕ್ಷೆ ತೋರಿಸಿದೆ. ದಕ್ಷಿಣದ ತುದಿಯಲ್ಲಿ ಸಾಲು ಸಾಲು ಕೆಂಪು ಚುಕ್ಕೆ. "ಒಂದೇ ವಾರದಲ್ಲಿ ಇಲ್ಲಿನ ಎಲ್ಲ ಗೂಡೂ ನಾಶ. ಹೆಂಗಸರ ಹಾದಿ ಇರೋದೂ ಇಲ್ಲೇ" ಎಂದು ನೀನು ಹೇಳಿದೆ. ಆ ಚುಕ್ಕೆಗಳು ನಾನು ನೆಟ್ಟ ಕೋಲುಗಳು. ಉಪ್ಪುಗಾಳಿಗೆ ಬಟ್ಟೆಯ ಮೇಲಿನ ಸಂಖ್ಯೆ ಅಳಿಸಿಹೋಗುವುದು ಮಾಮೂಲು. ಸಂಖ್ಯೆಯೇ ಇಲ್ಲದ ನನ್ನ ಕೋಲುಗಳನ್ನೂ ನಿನ್ನವರು ತಮ್ಮವೇ ಎಂದುಕೊಂಡಿದ್ದಾರೆ. ಕೋಲಿದೆ, ಮೊಟ್ಟೆಯಿಲ್ಲ, 'ನಾಶ' ಎಂದು ಬರೆದಿದ್ದಾರೆ. ಕಾಗೆಯಾದರೂ ಬುಡವನ್ನು ಕೆದಕಿ ನೋಡಿತು.

ನಾನು ಕೇಳಿದ್ದು ಇಷ್ಟೇ: ಆ ಗೂಡುಗಳಲ್ಲಿ ಮೊಟ್ಟೆ ಇದ್ದದ್ದನ್ನು ಕಂಡವರು ಯಾರು? ಅದಕ್ಕೆ 'ಬರವಣಿಗೇಲಿ ಕೊಡಿ'. ಸಂಜೆ ನಿಮ್ಮ ಗಾರ್ಡ್ ಮನೆಗೆ ಬಂದು ಗುರುತಿನ ಚೀಟಿಯನ್ನೂ ದುರ್ಬೀನನ್ನೂ ವಾಪಸು ಕೇಳಿದ. "ಮೇಡಂ ಹೇಳಿದ್ರು ಟೀಚರ್, ನಾನೇನು ಮಾಡ್ಲಿ" ಎಂದು ಚಪ್ಪಲಿ ನೋಡುತ್ತಾ ನಿಂತ. ಒರೆಸಿ, ಪೆಟ್ಟಿಗೆಗೆ ಹಾಕಿ ಕೊಟ್ಟೆ.

ಕೋಪ ಕಾಗೆಯ ಮೇಲಲ್ಲ ಮಗಳೇ, ಅದು ಕಲಿಯಿತು. ಕಲಿಯಲೊಲ್ಲದವರ ಮೇಲೆ. ಸಭೆಯಲ್ಲೇ ಎಲ್ಲವನ್ನೂ ಹೇಳಬಹುದಿತ್ತು. ತಪ್ಪನ್ನು ನೀನೇ ಕಂಡು ನೀನೇ ತಿದ್ದಿದರೆ ನಿನ್ನ ಹೆಸರು ಉಳಿಯುತ್ತದೆ ಎಂದು ಹಲ್ಲು ಕಚ್ಚಿ ಕುಳಿತೆ. ವರದಿಯನ್ನು ಕಳಿಸುವ ಮೊದಲು ನಕ್ಷೆಯನ್ನು ತಿದ್ದು. ಉತ್ತರದ ದಿಬ್ಬದಲ್ಲಿ ಇನ್ನೂ ಮೊಟ್ಟೆಗಳಿವೆ, ಮರಿಯಾಗುವ ಹೊತ್ತಿಗೆ ಬಂದಿವೆ. ಅಲ್ಲಿನ ಕೋಲುಗಳನ್ನು ಇಂದೇ ಕೀಳಿಸು. ಸೋಮವಾರದವರೆಗೆ ನಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಇದು ನನ್ನ ಮಾತು.

ಇಂತು, ಕೇಳಿದ್ದನ್ನು ಬರವಣಿಗೆಯಲ್ಲಿ ಕೊಟ್ಟಿರುವ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಗಾರ್ಡ್ ಎದುರಾದ. "ರಿಪೋರ್ಟು ಬೆಳಿಗ್ಗೇನೇ ಹೋಯ್ತು ಟೀಚರ್, ಬೇಲಿ ಕಂಬಾನೂ ಬಂದಿಳಿದಿದೆ" ಎಂದ. ಕಂಬಗಳನ್ನು ಕಣ್ಣಾರೆ ಕಂಡು ಬಂದೆ. ಆದ್ದರಿಂದ ಮೇಲೆ ಕೊಟ್ಟ ಮಾತನ್ನು ಮುರಿದಿದ್ದೇನೆ. ಸಮಿತಿಯ ಅಧ್ಯಕ್ಷರ ಮನೆಗೇ ಹೋಗಿ ಕಾಗೆಯ ವಿಷಯವನ್ನು ಬರೆದುಕೊಟ್ಟೆ. ಪೋಸ್ಟ್‌ಮಾಸ್ಟರೂ ಸಹಿ ಹಾಕಿದರು. ಸೋಮವಾರ ಬೇಲಿ ಹಾಕುವುದಿಲ್ಲವಂತೆ. ದಕ್ಷಿಣದ ಚುಕ್ಕೆಗಳ ವಿಷಯದಲ್ಲಿ ಮಾತ್ರ ಇಲ್ಲದ್ದನ್ನು ಬರೆದಿದ್ದೇನೆ: ನಿನ್ನವರಿಗೆ ಅನುಮಾನ ಬರದಿರಲೆಂದು ಕೋಲಿನ ಬಟ್ಟೆಗಳ ಮೇಲೆ ನಾನೇ ನಿನ್ನ ಕೈಬರಹದಂತೆಯೇ ಸಂಖ್ಯೆ ಹಾಕಿದ್ದೆ, ಯಾರಾಗಿದ್ದರೂ ಮೋಸಹೋಗುತ್ತಿದ್ದರು ಎಂದು. "ನಿಮ್ಮಂಥವರು ಹೀಗೆ ಮಾಡಬಹುದೇ?" ಎಂದರು ಅಧ್ಯಕ್ಷರು. ತಲೆ ತಗ್ಗಿಸಿದೆ. ಅವರು ನಂಬಿದರು. ಸಲ್ಲದ ಅಂಕವನ್ನು ನಾನು ಈವರೆಗೆ ಯಾರಿಗೂ ಕೊಟ್ಟವಳಲ್ಲ. ಆ ಕೋಲುಗಳನ್ನು ಕಿತ್ತು ತಂದು ನಾನು ಸುಟ್ಟಿದ್ದೇನೆ. ಈ ಹಾಳೆಗಳನ್ನು ನೀನು ಸುಡು.