ನನ್ನ ಗೋಧಿ ಹೊಲದಲ್ಲಿ ಅತ್ತೆಯ ಕುರಿ

೧ ಜುಲೈ, ಮಂಗಳವಾರ

ಮತ್ತೆ ಅಪ್‌ಡೇಟ್. ಅದೂ ಸರಿಯಾಗಿ ಎಂಟಕ್ಕೆ. ನಾನು ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಈ ಕಂಪ್ಯೂಟರಿಗೆ ತನ್ನ ಕೆಲಸ ನೆನಪಾಗುತ್ತದೆ. ಬಂದ್ ಮಾಡಬೇಡಿ ಅಂತ ಬರೆದುಕೊಂಡು ಚಕ್ರ ತಿರುಗಿದ್ದೇ ತಿರುಗಿದ್ದು. ಮುಗಿಯುವಷ್ಟರಲ್ಲಿ ಎಂಟೂಮುಕ್ಕಾಲು. ಥೂ.

ಎಂಟರಿಂದ ಒಂಬತ್ತು — ಇಡೀ ದಿನದಲ್ಲಿ ನನ್ನದು ಅಂತ ಇರುವುದು ಇಷ್ಟೇ. ಬೆಳಿಗ್ಗೆ ಖಾನಾಪುರದ ರೈಲು. ಸಂಜೆವರೆಗೆ ಆಫೀಸಿನಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಜನರ ಜೊತೆ ತಲೆ ಒಡೆದುಕೊಳ್ಳುವುದು. ವಾಪಸ್ ಬೆಳಗಾವಿ. ಬಂದವಳೇ ರೊಟ್ಟಿ ಬಡಿಯುವುದು. ಎಂಟಕ್ಕೆ ಅತ್ತೆ ಟಿವಿ ಮುಂದೆ ಕೂತರೆ, ನಾನು ಹಿಂದಿನ ಕೋಣೆಗೆ. ಅಲ್ಲಿ ನನ್ನ ಹೊಲ. ಗೋಧಿ ಬಿತ್ತಬೇಕು, ಟ್ರ್ಯಾಕ್ಟರ್ ಓಡಿಸಬೇಕು, ಕೊಯ್ದು ಮಾರಬೇಕು. ಯಾರೂ "ಪೂರ್ಣಿಮಾ, ಚಹಾ" ಅನ್ನುವುದಿಲ್ಲ ಅಲ್ಲಿ. ಮಗಳು ಸಪ್ನಾ ಧಾರವಾಡದ ಹಾಸ್ಟೆಲಿಗೆ ಹೋಗುವ ಮುಂಚೆ ಕಂಪ್ಯೂಟರಿಗೆ ಹಾಕಿಕೊಟ್ಟ ಆಟ. ಈಗ ಅವಳಿಗೇ ಮರೆತಿದೆ, ನನಗೆ ಹಿಡಿದಿದೆ. ಹಳೇ ಗುಡಿಸಲು ಕೆಡವಿ ಮಾಳಿಗೆ ಮನೆ ಕಟ್ಟುವವರೆಗೆ ಬಿಡುವವಳಲ್ಲ ನಾನು.

೩ ಜುಲೈ, ಗುರುವಾರ

ಆಫೀಸಿನಲ್ಲಿ ಪಕ್ಕದ ಮೇಜಿನ ರಿಜ್ವಾನನ ಹಾಡು ಅದೇ. "ಮೇಡಂ, ನಾ ಮೊದಲs ಹೇಳಿದ್ನಿ. ಕನ್ಸೋಲ್ ತಗೋರಿ ಅಂತ. ಟಿವಿಗೆ ಹಚ್ಚೂದು, ಆಡೂದು. ಅಪ್‌ಡೇಟ್ ಇಲ್ಲ, ಹ್ಯಾಂಗ್ ಇಲ್ಲ, ಏನ್ ಲಫಡಾನೂ ಇಲ್ಲ."

ಟಿವಿಗೆ ಹಚ್ಚಬೇಕಂತೆ! ಟಿವಿ ಯಾರದು? ಅತ್ತೆಯದು. ರಿಮೋಟು ಅವರ ಎಲೆ-ಅಡಿಕೆ ಚೀಲದ ಜೊತೆಗೇ ಇರುತ್ತದೆ. ಅದಕ್ಕೇ ಅಲ್ಲವೆ ಕಂಪ್ಯೂಟರ್ ಹಿಡಿದು ಕೂತದ್ದು? ಆಫೀಸಿನ ಕೆಲಸ ಅಂದರೆ ಮನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆದರೆ ಇವತ್ತು ಟಿವಿ ಬಿಟ್ಟು ಅತ್ತೆಯೇ ಬಾಗಿಲಲ್ಲಿ ಹಾಜರು. ಬಹಳ ಹೊತ್ತು ನೋಡಿದರು.

"ಇದ್ಯಾವ ಸೀರಿಯಲ್ಲವ್ವಾ? ಒಬ್ಬರೂ ಮಾತಾಡವಲ್ರು."

"ಆಫೀಸಿಂದ್ರಿ ಅತ್ತಿ."

"ಹೂಂ. ನಿಮ್ಮ ಆಫೀಸಿನ್ಯಾಗ ಆಕಳಾನೂ ಅದಾವ?"

೯ ಜುಲೈ, ಬುಧವಾರ

ಮಳೆ. ಕರೆಂಟು ಹೋಯಿತು. ಯುಪಿಎಸ್ ಕುಂಯ್ ಕುಂಯ್ ಅನ್ನುತ್ತ ಎರಡು ನಿಮಿಷದಲ್ಲಿ ಪ್ರಾಣ ಬಿಟ್ಟಿತು. ಸೇವ್ ಮಾಡಿರಲಿಲ್ಲ. ಒಂದು ತಾಸಿನ ಬಿತ್ತನೆ ನೀರುಪಾಲು. ಮತ್ತೆ ಮೊದಲಿಂದ.

ಅತ್ತೆ ಈಗ ದಿನಾ ಬರುತ್ತಾರೆ. ಸ್ಟೂಲು ತಂದು ಕೂರುತ್ತಾರೆ. ನನ್ನ ಕಿವಿಯ ಪಕ್ಕದಲ್ಲೇ ಅಡಿಕೆ ಕಡಿಯುವುದು. "ಅಲ್ಲೆ ಹುಲ್ಲ ಅಷ್ಟ ಐತಿ, ಯಾಕ ಬಿಟ್ಟೀ?" "ಆ ಗುಂಡಿ ಒತ್ತಿದ್ರ ಏನಾಗತೈತಿ?" ನನ್ನ ಒಂದು ತಾಸಿನಲ್ಲೂ ಪಾಲು ಬೇಕು ಇವರಿಗೆ. ತಲೆ ಚಿಟ್ಟು ಹಿಡಿದಿದೆ.

೧೭ ಜುಲೈ, ಗುರುವಾರ

ಟ್ರ್ಯಾಕ್ಟರ್ ಇಲ್ಲ.

ಮೊದಲು ನನ್ನ ಕಣ್ಣೇ ಮೋಸ ಮಾಡಿತು ಅಂದುಕೊಂಡೆ. ಶೆಡ್ಡು ನೋಡಿದೆ, ಬಾವಿಯ ಹಿಂದೆ ನೋಡಿದೆ. ಇಲ್ಲ. ಟ್ರ್ಯಾಕ್ಟರ್ ಮಾರಿಹೋಗಿದೆ. ಅದರ ಬದಲು ಶೆಡ್ಡಿನಲ್ಲಿ — ಕುರಿ! ಒಂದಲ್ಲ ಎರಡಲ್ಲ, ಹಿಂಡು. ಬ್ಯಾ ಅನ್ನುತ್ತ ನನ್ನ ಮೇಲೇ ಬಂದವು.

ಯಾರ ಕೆಲಸ ಇದು? ಹಗಲಲ್ಲಿ ಮನೆಯಲ್ಲಿದ್ದು ಕಂಪ್ಯೂಟರ್ ಬಲ್ಲವರು ನಮ್ಮನೆಯವರೊಬ್ಬರೇ. ಉದ್ಯಮಬಾಗದ ಫೌಂಡ್ರಿಯಲ್ಲಿ ಈಗ ರಾತ್ರಿ ಪಾಳಿ, ಹಗಲು ನಿದ್ದೆ. ನಿದ್ದೆಯೋ, ನನ್ನ ಟ್ರ್ಯಾಕ್ಟರಿನ ವ್ಯಾಪಾರವೋ! ಬರಲಿ ಬೆಳಿಗ್ಗೆ.

೧೮ ಜುಲೈ, ಶುಕ್ರವಾರ

ಚಹಾದ ಕಪ್ಪು ಕುಕ್ಕಿದೆ. "ರೀ, ನನ್ನ ಟ್ರ್ಯಾಕ್ಟರ್ ಎಲ್ಲಿ?"

"ಯಾವ ಟ್ರ್ಯಾಕ್ಟರ್?" ಎಂದರು. ಆಮೇಲೆ ಮೋರೆ ಆ ಕಡೆ ತಿರುಗಿಸಿದರು. ಗಂಡನ ಮುಖ ಹದಿನೆಂಟು ವರ್ಷದಿಂದ ಓದುತ್ತಿದ್ದೇನೆ, ಗೊತ್ತಾಗದೆ?

"ನಾ ಬರೇ ಚಾಲೂ ಮಾಡಿ ಕೊಟ್ಟು ಮಲಗತೀನಿ, ಎದ್ದ ಮ್ಯಾಲ ಸೇವ್ ಮಾಡತೀನಿ, ಖರೇ. ಆಡೂದು ನಮ್ಮವ್ವ."

ಅತ್ತೆ! ಅಕ್ಷರ ಬಾರದ ಅತ್ತೆ! ನೋಡಿ ನೋಡಿಯೇ ಕಲಿತಿದ್ದಾರೆ. ಬಾಗಿಲಲ್ಲಿ ನಿಂತದ್ದು ಸುಮ್ಮನೆ ಅಲ್ಲ ಹಾಗಾದರೆ. ಅಂಗಡಿಯಲ್ಲಿ ಕುರಿಯ ಚಿತ್ರ ಇದೆ, ಒತ್ತಿದ್ದಾರೆ. ದುಡ್ಡು ಸಾಲದು ಅಂದಾಗ ಟ್ರ್ಯಾಕ್ಟರಿನ ಚಿತ್ರ ಒತ್ತಿದ್ದಾರೆ. ವ್ಯವಹಾರ ಮುಗಿಯಿತು.

ರೈಲು ತಪ್ಪಿತು. ಬಸ್ಸಿನಲ್ಲಿ ಖಾನಾಪುರದವರೆಗೆ ನಿಂತೇ ಹೋದೆ, ಸಿಟ್ಟಿನಲ್ಲಿ.

೨೦ ಜುಲೈ, ರವಿವಾರ

ಇವತ್ತು ಎದುರಿಗೇ ಕೇಳಿದೆ. "ಅತ್ತಿ, ನನ್ನ ಟ್ರ್ಯಾಕ್ಟರ್ ಯಾಕ ಮಾರಿದ್ರಿ?"

ಒಂದಿಷ್ಟಾದರೂ ನಾಚಿಕೆ ಬೇಡವೆ? "ಬರೇ ಹೊಗಿ ಉಗಳತಿತ್ತವ್ವಾ ಅದು. ಅದೇನ ಮರಿ ಹಾಕತೈತಿ?"

"ಅದು ನನ್ನ ಹೊಲಾರೀ!"

"ನಿಂದs. ನಾ ಎಲ್ಲಿ ನಂದಂದ್ನಿ? ಹೊಲದಾಗ ಕುರಿ ನಿಂದ್ರಿಸಿದ್ರ ಗೊಬ್ಬರ ಆಗತೈತಿ. ನಮ್ಮ ಬೀಡಿ ಊರಾಗ ಇದ್ದಾಗ ಮಂದಿ ಕರದು ಕರದು ನಮ್ಮ ಹಿಂಡ ನಿಂದ್ರಿಸಿಕೊಳ್ಳತಿದ್ರು. ಮ್ಯಾಲ ಜ್ವಾಳಾನೂ ಕೊಡತಿದ್ರು. ನೀ ನೋಡಿದ್ರ ಮಕ ಗಂಟ ಹಾಕ್ಕೊಂಡ ಕುಂತೀ."

ಬಾಡಿಗೆ ಬೇರೆ ಕೊಡಬೇಕಿತ್ತೇನೋ ನಾನು.

ಕೊನೆಗೆ ಒಂದು ಒಪ್ಪಂದ. ಹಗಲು ಅವರದು, ಎಂಟರಿಂದ ಒಂಬತ್ತು ನನ್ನದು. ಕುರಿಗಳಿಗೆ ಶೆಡ್ಡು ಮತ್ತು ಹಳ್ಳದ ಕಡೆಯ ಹುಲ್ಲುಗಾವಲು. ಗೋಧಿಗೆ ಕೈ ಹಚ್ಚುವಂತಿಲ್ಲ. ಅತ್ತೆ "ಆತು ತಗೋ" ಅಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಯಾವಾಗ ಬರುತ್ತದೋ, ದೇವರೇ ಬಲ್ಲ.

೨೬ ಜುಲೈ, ಶನಿವಾರ

ಮುಗಿಯಿತು. ಇನ್ನು ತಾಳ್ಮೆ ಇಲ್ಲ.

ಗೋಧಿ ಕೊಯ್ದು ಕಣಜ ತುಂಬಿದ್ದೆ. ಟ್ರ್ಯಾಕ್ಟರ್ ಇಲ್ಲದೆ, ಎತ್ತು ಕಟ್ಟಿ, ದಿನಾ ಒಂದು ತಾಸು. ಇವತ್ತು ಮಾರಿದ್ದರೆ ಮಾಳಿಗೆ ಮನೆಗೆ ಸಾಕಾಗುತ್ತಿತ್ತು. ರೈಲಿನಲ್ಲಿ ಬರುವಾಗಲೂ ಅದೇ ಯೋಚನೆ. ಮನೆಗೆ ಕೆಂಪು ಹೆಂಚೋ, ನೀಲಿ ಹೆಂಚೋ ಅಂತ.

ಕಣಜ ಖಾಲಿ. ಪೂರಾ ಕುರಿಯ ಗೋದಲಿಗೆ ಸುರಿದಿದ್ದಾರೆ.

"ಗಬ್ಬ ಆಗ್ಯಾವ ಮೂರು. ಬರೇ ಹುಲ್ಲ ಹಾಕಿದ್ರ ಹ್ಯಾಂಗವ್ವಾ?" ಅಂದರು ಅತ್ತೆ, ಕೊತ್ತಂಬರಿ ಸೋಸುತ್ತ. ತಪ್ಪು ಮಾಡಿದ ಲಕ್ಷಣವೇ ಇಲ್ಲ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂಗಡಿ ತೆರೆದೆ. ಎಲ್ಲವನ್ನೂ ಮಾರಬೇಕೆ ಅಂತ ಕೇಳಿತು. ಹೌದು ಅಂತ ಒತ್ತಿದೆ. ದೊಡ್ಡವು, ಸಣ್ಣವು, ಗಬ್ಬದವು, ಪೂರಾ ಹಿಂಡು. ಶೆಡ್ಡು ತೊಳೆದಂತಾಯಿತು. ಬಂದ ದುಡ್ಡಿನಲ್ಲಿ ಟ್ರ್ಯಾಕ್ಟರ್ ವಾಪಸ್ ತಂದೆ.

ಎಷ್ಟು ಹಾಯೆನಿಸಿತು!

೨೭ ಜುಲೈ, ರವಿವಾರ

ಮಧ್ಯಾಹ್ನ ಊಟ ಆದ ಮೇಲೆ ಅತ್ತೆ ಕಂಪ್ಯೂಟರ್ ಮುಂದೆ ಕೂತರು. ನಾನು ಪಡಸಾಲೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಕಿವಿ ಅಲ್ಲೇ. ಅವರು ಕುರಿ ಕರೆಯುವ ಸದ್ದು, ನಾಲಿಗೆ ಹೊರಳಿಸಿ "ಟುರ್ರ್ಯೋ" ಅಂತ. ಪರದೆಗೆ ಕೇಳುತ್ತದೆಯೇ ಅದು? ಕೇಳಿದಾಗೆಲ್ಲ ನಗು ಬರುತ್ತಿತ್ತು. ಎರಡು ಸಲ ಕರೆದರು.

"ಪೂರ್ಣಿಮಾ, ಕುರಿ ಎಲ್ಲಿ?"

"ಮಾರಿದ್ನಿರಿ."

"ಎಲ್ಲಾನೂ?"

"ಹೂಂರಿ, ಎಲ್ಲಾನೂ."

ಜಗಳಕ್ಕೆ ತಯಾರಾಗಿದ್ದೆ. ಏನೇನು ಹೇಳಬೇಕು ಎಲ್ಲ ಜೋಡಿಸಿಟ್ಟುಕೊಂಡಿದ್ದೆ. ಅತ್ತೆ ಪರದೆಯ ಮೇಲೆ ಬಟ್ಟೆ ಹೊದಿಸಿ ಎದ್ದು ಹೋದರು.

೨ ಆಗಸ್ಟ್, ಶನಿವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ.

ಪಂಚಮಿ ಬಂತು, ಹೋಯಿತು. ಉಂಡಿ ಕಟ್ಟಿದೆ. ಗಟ್ಟಿಯಾಗಿವೆ, ಹಲ್ಲು ಮುರಿಯುತ್ತವೆ ಅಂತ ಪ್ರತಿ ವರ್ಷ ಬೈಸಿಕೊಳ್ಳುತ್ತೇನೆ. ಈ ವರ್ಷ ಅದೂ ಇಲ್ಲ. ಒಂದು ತಿಂದರು, ನೀರು ಕುಡಿದರು. ಎಂಟಕ್ಕೆ ಟಿವಿ ಮುಂದೆ ಕೂರುತ್ತಾರೆ, ಹಚ್ಚುವುದಿಲ್ಲ. ಕರೆದರೆ ಬರುತ್ತಾರೆ, ಕೇಳಿದರೆ ಹೂಂ ಅನ್ನುತ್ತಾರೆ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಇದು ಯಾವ ನಮೂನಿ ಶಿಕ್ಷೆ?

ಅಂದ ಹಾಗೆ ನಿನ್ನೆ ಮಾಳಿಗೆ ಮನೆ ಕಟ್ಟಿದೆ. ಟ್ರ್ಯಾಕ್ಟರ್ ಇತ್ತಲ್ಲ, ಐದೇ ದಿನದಲ್ಲಿ ಹೊಸ ಗೋಧಿ ಬಂತು. ಕೆಂಪು ಹೆಂಚು. ಇವರನ್ನು ಕರೆದು ತೋರಿಸಿದೆ. "ಚಲೋ ಐತಿ" ಅಂದು ಡಬ್ಬಿ ತಗೊಂಡು ಡ್ಯೂಟಿಗೆ ಹೋದರು. ಮನೆಯ ಸುತ್ತ ಒಂದು ರೌಂಡು ಹಾಕಿದೆ. ಒಳಗೆ ಹೋದೆ, ಹೊರಗೆ ಬಂದೆ. ಎಂಟೂಕಾಲಿಗೇ ಬಂದ್ ಮಾಡಿದೆ.

೩ ಆಗಸ್ಟ್, ರವಿವಾರ

ಇವರ ಹತ್ತಿರ ಹೇಳಿಕೊಂಡೆ. "ನಿಮ್ಮವ್ವಗ ಏನಾಗೇತ್ರಿ? ಆಟದಾಗಿನ ಕುರಿಗೆ ಇಷ್ಟ ಸಿಟ್ಟ?"

"ಸಿಟ್ಟಲ್ಲದು" ಅಂದರು. ಆಮೇಲೆ ಹೇಳಿದರು. ಇಷ್ಟು ವರ್ಷದಲ್ಲಿ ನನಗೆ ಹೇಳದಿದ್ದ ಮಾತು.

ಇವರು ಶಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ. ಅತ್ತೆ ಕಾಕತಿಗೆ ತಂಗಿಯ ಬಾಣಂತನಕ್ಕೆ ಹೋಗಿದ್ದರು. ಮಾವ ಮಾಯಪ್ಪನವರಿಗೆ ಬೆಳಗಾವಿಯಲ್ಲಿ ಕೆಲಸ ಸಿಕ್ಕಿತು. ಇನ್ನು ಕುರಿ ಯಾರು ಕಾಯಬೇಕು ಅಂತ ಇಡೀ ಹಿಂಡನ್ನು ಒಂದೇ ದಿನ ಮಾರಿಬಿಟ್ಟರು. ಅತ್ತೆಗೆ ಒಂದು ಮಾತು ಕೇಳಲಿಲ್ಲ. ತವರಿನಿಂದ ಅವರಿಗೆ ಕೊಟ್ಟಿದ್ದ ಕುರಿಗಳೂ ಅದರಲ್ಲೇ ಇದ್ದವು.

"ಅವ್ವ ಬಂದಾಗ ಹಟ್ಟಿ ಖಾಲಿ. 'ಎಲ್ಲಾನೂ?' ಅಂತ ಕೇಳಿದ್ಲು ಅಪ್ಪಗ. ಅಷ್ಟs. ಜಗಳ ಇಲ್ಲ, ಅಳೂದಿಲ್ಲ. ಬೀಡಿ ಊರ ಬಿಡೂತನಾ ದಿನಾ ಸಂಜೀಕ ಸೆರಗಿನ್ಯಾಗ ಉಪ್ಪ ಕಟಗೊಂಡ ಹಟ್ಟಿಗೆ ಹೋಗತಿದ್ಲು. ಕುರಿಗೆ ನೆಕ್ಕಾಕ ಕೊಡ್ತಾರಲ್ಲ, ಆ ಉಪ್ಪ. ಹಂಗs ವಾಪಸ್ ತರತಿದ್ಲು."

ಎಲ್ಲಾನೂ ಅಂತ ನನ್ನನ್ನೂ ಕೇಳಿದ್ದರು. ನಾನು ಹೂಂ ಅಂದಿದ್ದೆ. ಬಟ್ಟೆ ಮಡಚುತ್ತ, ಕತ್ತು ಕೂಡ ಎತ್ತದೆ.

ನನ್ನ ಮೇಲೆಯೇ ನನಗೆ ಎಷ್ಟು ಸಿಟ್ಟು ಬಂದಿದೆ ಅಂದರೆ, ಬರೆಯಲಾಗುತ್ತಿಲ್ಲ. ಈ ಗಂಡಸರ ಮೇಲೂ ಸಿಟ್ಟು. ಮೊದಲೇ ಹೇಳಲು ಇವರ ಬಾಯಿಗೆ ಏನಾಗಿತ್ತು?

೪ ಆಗಸ್ಟ್, ಸೋಮವಾರ

ಹೊಸ ಕುರಿ ಕೊಂಡರೆ ನಡೆಯುವುದಿಲ್ಲ. ಅತ್ತೆ ಒಂದೊಂದಕ್ಕೂ ಹೆಸರಿಟ್ಟಿದ್ದರು. ಗುರುತು ಹಿಡಿಯುತ್ತಾರೆ.

ರಿಜ್ವಾನನಿಗೆ ಪೂರಾ ಕಥೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ಮೇಡಂ, ಹಳೇ ಸೇವ್ ಇರ್ತಾವ ನೋಡ್ರಿ ಕಂಪ್ಯೂಟರಿನ್ಯಾಗ. ಆಟ ತಾನs ದಿನಾ ಒಂದೊಂದು ಕಾಪಿ ಇಡತಿರತೈತಿ. ಮಾರೂಕಿಂತ ಮೊದಲಿಂದು ಹುಡುಕಿ ಹಾಕ್ರಿ." ಫೋಲ್ಡರ್ ಎಲ್ಲಿರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಟ್ಟ. ಆಮೇಲೆ ತಲೆ ಕೆರೆದುಕೊಂಡ. "ನನ್ನ ಕನ್ಸೋಲಿನ್ಯಾಗ ಹಿಂಗ ಒಳಗ ಕೈ ಹಾಕಾಕ ಬರೂದಿಲ್ಲ ಬಿಡ್ರಿ."

"ಈಗರೆ ಒಪ್ಪಿಕೊಂಡಿ!" ಅಂದೆ.

"ಆದ್ರ ಮೇಡಂ, ಹಿಂದಕ್ಕ ಹೋದ್ರ ಆಮ್ಯಾಲಿಂದು ಏನೂ ಉಳಿಯೂದಿಲ್ಲ. ನಿಮ್ಮ ಬಂಗ್ಲೆ ಹೋಗತೈತಿ."

ಹೋಗಲಿ.

೫ ಆಗಸ್ಟ್, ಮಂಗಳವಾರ, ರಾತ್ರಿ ೮.೪೫

ಹೋಗಲಿ ಅಂತ ಬರೆಯುವುದು ಸುಲಭ. ಒತ್ತುವ ಮುಂಚೆ ಮನೆಯನ್ನು ಒಂದು ಸಲ ನೋಡಿದೆ. ಕೆಂಪು ಹೆಂಚು ಚೆನ್ನಾಗಿಯೇ ಕಾಣುತ್ತಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಜುಲೈ ಇಪ್ಪತ್ತೈದರ ಸೇವ್ ಹುಡುಕಿ ಹಾಕಿದೆ. ಮಾಳಿಗೆ ಮನೆ ಹೋಗಿ ಗುಡಿಸಲು ಬಂತು. ಟ್ರ್ಯಾಕ್ಟರ್ ಇಲ್ಲ. ಶೆಡ್ಡಿನ ತುಂಬ ಕುರಿ.

ಟಿವಿ ಮುಂದೆ ಸುಮ್ಮನೆ ಕೂತಿದ್ದ ಅತ್ತೆಯನ್ನು ಕೈ ಹಿಡಿದು ಎಬ್ಬಿಸಿದೆ. "ಬರ್ರಿ ಅತ್ತಿ. ಕುಂದರ್ರಿ ಇಲ್ಲೆ." ನನ್ನ ಕುರ್ಚಿಯಲ್ಲೇ ಕೂರಿಸಿದೆ.

ಕನ್ನಡಕ ಏರಿಸಿಕೊಂಡು ನೋಡಿದರು. ಬೆರಳು ಪರದೆಗೆ ಮುಟ್ಟಿಸಿ ಒಂದೊಂದನ್ನೇ ನೋಡಿದರು. ಸಂತೋಷ ಪಡುತ್ತಾರೆ, ಕಣ್ಣೀರು ಹಾಕುತ್ತಾರೆ ಅಂತ ನಾನು ಕಾಯುತ್ತಿದ್ದರೆ —

"ಈ ಮರಿ ಬೆಳದಿತ್ತಲ್ಲ. ಯಾಕ ಸಣ್ಣದಾಗೇತಿ?"

ದೇವರೇ! ಬಂಗ್ಲೆ ಕೊಟ್ಟು ತಂದ ಕುರಿಯಲ್ಲೂ ಕೊಸರು.

"ಹಿಂದಿನ ದಿನಕ್ಕ ಹೋಗೇವ್ರಿ ಅತ್ತಿ. ಮಾರೂಕಿಂತ ಮೊದಲಿಗೆ. ತಪ್ಪಾತ್ರಿ ನಂದು. ನಿಮಗ ಒಂದ ಮಾತ ಕೇಳಬೇಕಿತ್ತು."

ಅತ್ತೆ ನನ್ನನ್ನು ನೋಡಲಿಲ್ಲ. ಪರದೆಯನ್ನೇ ನೋಡುತ್ತ ಕೇಳಿದರು, "ಹಿಂದಕ್ಕ ಹೋಗಾಕ ಬರ್ತೈತಿ ಇದರಾಗ?"

"ಬರ್ತೈತ್ರಿ."

"ಎಷ್ಟ ಹಿಂದಕ್ಕ?"

"ಅಷ್ಟ ಹಿಂದಕ್ಕ ಬರೂದಿಲ್ರಿ ಅತ್ತಿ" ಅಂದೆ. ಹೂಂ ಅಂದರು. ಆಮೇಲೆ ನನ್ನ ಕೈ ಸರಿಸಿ ಮೌಸ್ ತಗೊಂಡರು. "ಹೋಗು, ಒಂದಿಷ್ಟ ಉಪ್ಪ ತಗೊಂಬಾ." ಅಡುಗೆಮನೆಯಿಂದ ಬಟ್ಟಲಲ್ಲಿ ತಂದು ಕೀಬೋರ್ಡಿನ ಬಾಜು ಇಟ್ಟೆ.

ಎಂಟರಿಂದ ಒಂಬತ್ತೂ ಹೋಯಿತು ಅನ್ನಿ. ಇನ್ನು ನನ್ನ ಪಾಲಿಗೆ ಈ ಡೈರಿಯೊಂದೇ. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೋಣೆಯಿಂದ ಟುರ್ರ್ಯೋ ಕೇಳುತ್ತಿದೆ. ಟಗರಿಗೆ ಬೈಯುತ್ತಿದ್ದಾರೆ. ನನ್ನ ಮೇಲೂ ಶುರುವಾಗಿದೆ, ಮೊನ್ನಿನ ಉಂಡಿ ಕಲ್ಲಾಗಿದ್ದವಂತೆ. ಗೊತ್ತಿತ್ತು ನನಗೆ, ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡಿದ್ದ —

ಕರೆಂಟು ಹೋಯಿತು. ಮೊಬೈಲ್ ಬೆಳಕಲ್ಲಿ ಬರೆಯುತ್ತಿದ್ದೇನೆ. ಯುಪಿಎಸ್ ಕೂಗುತ್ತಿದೆ. "ಪೂರ್ಣಿಮಾ, ಲಗೂನ ಬಾ, ಮರಿ ಹಾಕೇತಿ, ಮರಿ ಹಾಕೇತಿ" ಅಂತ ಅತ್ತೆಯೂ ಕೂಗುತ್ತಿದ್ದಾರೆ. ಅಯ್ಯೋ, ಸೇವ್ ಮಾಡುವುದು ಅವರಿಗೆ ಹೇಳಿಕೊಟ್ಟೇ ಇಲ್ಲ, ಯುಪಿಎಸ್ ಎರಡು ನಿಮಿಷ ಕೂಡ ತಡೆಯುವುದಿಲ್ಲ, ಓಡಬೇಕು —