ಕಿರುಬೆರಳಿನ ಐದು ಹಣ್ಣು

ಮಣ್ಣಿನಡಿಯಲ್ಲೂ ತಲೆವಸ್ತ್ರ ಸರಿಮಾಡಿಕೊಂಡೇ ಮಲಗಿರುವ ನನ್ನ ಅತ್ತೆ ಯಾವ್ದೋಖಾ ಅವರಿಗೆ, ನಿಮ್ಮ ಸೊಸೆ ಹಪ್ಕಾ ತಲೆಬಾಗಿ ಬರೆಯುವುದು.

ನಿಮಗೆ ಓದಲು ಬರುವುದಿಲ್ಲ, ನನಗೆ ಬರೆಯಲು ಅಷ್ಟಾಗಿ ಬರುವುದಿಲ್ಲ. ನಾಲ್ಕನೆಯ ತರಗತಿಗೇ ಬಿಡಿಸಿ ಬೀಟ್‌ರೂಟ್ ಹೊಲಕ್ಕೆ ಕಳಿಸಿದರಲ್ಲ, ಅಲ್ಲಿಗೆ ಮುಗಿಯಿತು ನನ್ನ ವಿದ್ಯೆ. ಆದರೂ ಬರೆಯುತ್ತಿದ್ದೇನೆ. ಈ ಮಾತನ್ನು ಮನೆಯಲ್ಲಿ ಯಾರ ಮುಂದಾದರೂ ಬಾಯಿಬಿಟ್ಟು ಹೇಳಿದರೆ ಅಳು ಬಂದೀತು. ನಾನು ಅತ್ತದ್ದನ್ನು ಈ ಊರು ನೋಡಿಲ್ಲ, ಎಪ್ಪತ್ತು ದಾಟಿದ ಮೇಲೆ ಆ ಸಂತೋಷ ಅವರಿಗೆ ಕೊಡಲಾರೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಒಲೆ ಕೆಡವಿದೆವು. ಹೌದು, ಅರ್ಧ ಮನೆ ತುಂಬಿಕೊಂಡಿದ್ದ ಅದೇ ಒಲೆ, ಚಳಿಗಾಲವೆಲ್ಲ ಮೇಲೇರಿ ನೀವು ಮಲಗುತ್ತಿದ್ದುದು. ಬೈಯಬೇಡಿ, ಪೂರ್ತಿ ಕೇಳಿ. ಒಲೆಯ ಬೆನ್ನು ಸೀಳಿ ಹೊಗೆ ಮನೆಯೊಳಗೇ ತುಂಬುತ್ತಿತ್ತು. ನನ್ನ ಸೊಸೆ ಸ್ನಿಝಾನಾ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅತ್ತೆ, ಈ ಹೊಗೇಲಿ ನೀವು ಸತ್ರೆ ಊರೋರು ನನ್ನನ್ನೇ ಅನ್ನೋದು" ಎಂದಳು. "ಹೆದರಬೇಡ್ವೇ, ನಾನು ಬದುಕಿದ್ರೂ ನಿನ್ನನ್ನೇ ಅಂತಾರೆ" ಎಂದೆ. ಪಟ್ಟಣದ ಹೆಣ್ಣು ಅವಳು. ಉದ್ದುದ್ದ ಉಗುರು, ಅದಕ್ಕೆ ಕೆಂಪು ಬಣ್ಣ. ಮೂರು ವರ್ಷದಿಂದ ಆ ಉಗುರಿನ ಮೇಲೆ ನಾನು ಆಡದ ಮಾತಿಲ್ಲ. ನಿಮ್ಮಂಥ ಅತ್ತೆಯಿಂದ ಮೌನವೊಂದನ್ನು ನಾನು ಕಲಿಯಲೇ ಇಲ್ಲ.

ಆ ಗುರುವಾರ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ನದಿಯಾಚೆಯಿಂದ ಮದುವೆಯಾಗಿ ಬಂದ ಮೊದಲ ವಸಂತ. ಈಸ್ಟರ್ ಹಬ್ಬದ ವಾರ. ನೀವು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಿರಿ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಚ್ಚು ನನಗೆ. ನಮ್ಮೂರಿನಲ್ಲಿ ಹಬ್ಬಕ್ಕೆ ಮೊದಲು ಗೋಡೆ, ಒಲೆ ಎಲ್ಲಕ್ಕೂ ಸುಣ್ಣ ಬಳಿದು, ಹಳೆಯ ಹೂವನ್ನು ಅಳಿಸಿ, ಅದರ ಮೇಲೆ ಹೊಸ ಹೂವು ಬರೆಯುತ್ತಿದ್ದರು. ನಾನೂ ಬಕೆಟ್ ಹಿಡಿದು ಮೂಲೆಮೂಲೆ ಬಿಡದೆ ಬಳಿದೆ. ನಿಮ್ಮ ಮಗ ಪಾನಾಸ್ ಒಳಗೆ ಬಂದವರೇ ಗೋಡೆಗಿಂತ ಬಿಳುಪಾದರು.

"ಏನು ಮಾಡಿದ್ಯೇ! ಅದು ನಮ್ಮಕ್ಕನ ಬೆರಳು ಕಣೇ!"

ಆಗ ನನಗೆ ತಿಳಿದದ್ದು. ಅವರು ಹುಟ್ಟುವ ಮೊದಲೇ ನಿಮಗೊಬ್ಬಳು ಮಗಳಿದ್ದಳು, ಮೋತ್ರ್ಯಾ, ಐದು ವರ್ಷದವಳು. ನೀವು ಹೂವು ಬರೆಯುತ್ತಿದ್ದಾಗ ಕೆಂಪು ಬಣ್ಣಕ್ಕೆ ಐದೂ ಬೆರಳು ಅದ್ದಿ ಒಲೆಯ ಹೊಗೆಗೂಡಿನ ಕೆಳಗಿನ ಮೂಲೆಯಲ್ಲಿ ಒತ್ತಿದ್ದಳು. ಕಲೀನಾ ಹಣ್ಣಿನ ಗೊಂಚಲಿನ ಹಾಗೆ ಐದು ಕೆಂಪು ಚುಕ್ಕೆ. ಮುಂದಿನ ವಸಂತದಲ್ಲಿ, ಊರಿಗೂರೇ ಉಪವಾಸ ಸತ್ತ ಆ ದೊಡ್ಡ ಹಸಿವಿನಲ್ಲಿ, ಹೋದಳು. ಫೋಟೋ ಇಲ್ಲ. ಅಂಗಿಯನ್ನೂ ಕಾಳಿಗೆ ಕೊಟ್ಟಾಗಿತ್ತು. ಎಲ್ಲರ ಜೊತೆ ಒಂದೇ ಗುಂಡಿ, ಅಲ್ಲಿ ಅವಳ ಹೆಸರಿನ ಶಿಲುಬೆಯೂ ಇಲ್ಲ. ಆ ಮಗು ಈ ಭೂಮಿಯ ಮೇಲೆ ಬಿಟ್ಟುಹೋದದ್ದು ಆ ಐದು ಚುಕ್ಕೆ ಮಾತ್ರ. ಅದರ ಮೇಲೆ ನಾನು ಎರಡು ಕೋಟು ಬಳಿದಿದ್ದೆ.

ನೀವು ಬಂದಿರಿ. ಮೂಟೆ ಇಳಿಸಿದಿರಿ. ಆ ಮೂಲೆಯನ್ನೇ ನೋಡಿದಿರಿ. ನಮ್ಮಮ್ಮನಾಗಿದ್ದರೆ ಅಷ್ಟು ಹೊತ್ತಿಗೆ ಸೌಟು ಮುರಿದಿರುತ್ತಿತ್ತು. ನೀವು ಬೂಟು ಬಿಚ್ಚಿ, ಗೋಡೆಯ ಮೇಲೆ ಅಂಗೈ ಸವರಿ ಹೇಳಿದ್ದಿಷ್ಟೇ:

"ಹಬ್ಬಕ್ಕೆ ಗೋಡೆ ಬೆಳ್ಳಗಿರಬೇಕಲ್ವಾ. ಚೆನ್ನಾಗೇ ಬಳಿದಿದ್ದೀಯ. ಗಂಟು ಬಿದ್ದಿಲ್ಲ."

ಆಮೇಲೆ ಒಣಗಿಸಿಟ್ಟ ಕಲೀನಾ ಹಣ್ಣು ನೆನೆಸಿ ಹಿಂಡಿ, ಮೊಟ್ಟೆಯ ಹಳದಿ ಸೇರಿಸಿ ಬಟ್ಟಲನ್ನು ನನ್ನ ಮುಂದೆ ಹಿಡಿದಿರಿ. "ಕಿರುಬೆರಳು. ಒತ್ತಬೇಡ ಹುಡುಗಿ, ಮುಟ್ಟಿಸು. ಕೆಳಗಿನದಕ್ಕೆ ಎರಡು ಸಲ." ಕೆಳಗಿನದಕ್ಕೆ ಎರಡು ಸಲ ಯಾಕೆ ಅಂತ ಕೇಳುವ ಧೈರ್ಯ ಎಲ್ಲಿತ್ತು?

ಅಂದಿನಿಂದ ಪ್ರತಿ ವಸಂತ ಸುಣ್ಣ ಬಳಿದೆ, ಪ್ರತಿ ವಸಂತ ಐದು ಹಣ್ಣು ಇಟ್ಟೆ. ಐವತ್ತು ಚಿಲ್ಲರೆ ಸಲ. ಪ್ರತಿ ಸಲವೂ, ಕದ್ದ ಒಡವೆಯ ಜಾಗದಲ್ಲಿ ಗಿಲೀಟಿನದು ಇಡುವವಳ ಹಾಗೆ ಬಾಗಿಲ ಕಡೆ ನೋಡಿಕೊಂಡೇ ಇಟ್ಟೆ. ಪಾನಾಸ್ ಕುಡಿದಾಗಲೆಲ್ಲ "ನಮ್ಮಕ್ಕನ್ನ ಬಳಿದುಹಾಕಿದೋಳು" ಅನ್ನುತ್ತಿದ್ದರು. ಬೇರೆ ಮಾತಿಗೆಲ್ಲ ತಿರುಗಿ ಅನ್ನುತ್ತಿದ್ದೆ, ಅದನ್ನು ಕೇಳಿದರೆ ಮಾತ್ರ ಬಕೆಟ್ ಹಿಡಿದು ನೀರಿಗೆ ಹೋಗುತ್ತಿದ್ದೆ.

ನೀವು ಕಲಿಸಿದ್ದು ಅದೊಂದೇ ಅಲ್ಲ. ಬೆಕ್ಕಿನ ಬೆನ್ನಿನ ಕೂದಲು ಕತ್ತರಿಸಿ ಕುಂಚ ಕಟ್ಟುವುದು ಕಲಿಸಿದಿರಿ. ಪಾಪ, ಆ ಬೆಕ್ಕು ನನ್ನನ್ನು ಕಂಡರೆ ಅಟ್ಟ ಹತ್ತುತ್ತಿತ್ತು. ಕಿಟಕಿಯಾಚೆಯ ಹೂವನ್ನು ನೋಡಿಕೊಂಡು ಬರೆಯಲು ಕೂತರೆ ಕುಂಚದ ಹಿಡಿಯಿಂದ ಗೆಣ್ಣಿಗೆ ಹೊಡೆದು, "ಅದು ಆಗಲೇ ಅಲ್ಲಿದೆಯಲ್ಲೇ. ಇಲ್ಲದ್ದು ಬರಿ" ಎನ್ನುತ್ತಿದ್ದಿರಿ. ನಾನು ದಪ್ಪ ಬಟ್ಟೆಯ ಮೇಲೆ ಕೊಳ, ಹಂಸ, ಜಿಂಕೆ ಬರೆದು ಹಾಸಿಗೆಯ ಮೇಲಿನ ಗೋಡೆಗೆ ತೂಗುಹಾಕುವ ಪರದೆ ಮಾಡಿ ಸಂತೆಗೆ ಒಯ್ಯತೊಡಗಿದಾಗ ನೀವು ಮೂಗು ಮುರಿದಿರಿ. "ಹಂಸವಂತೆ! ಕತ್ತು ಎಳೆದ ಬಾತುಕೋಳಿ." ಆ ಬಾತುಕೋಳಿ ಕೊಟ್ಟು ಹಂದಿಮರಿ ತಂದ ದಿನ ಮಾತ್ರ ಪರದೆಯನ್ನು ಇನ್ನೊಮ್ಮೆ ನೆನೆಸಿಕೊಂಡು, "ಕತ್ತು ಪರವಾಗಿಲ್ಲ ಬಿಡು" ಅಂದಿರಿ.

ಈಗ ಒಲೆಯ ವಿಷಯ. ಕೆಡವುವ ಮೊದಲು ಸ್ನಿಝಾನಾಳೇ ಪಟ್ಟಣದ ಸಂಗ್ರಹಾಲಯಕ್ಕೆ ಫೋನು ಮಾಡಿ ಒಬ್ಬ ಹುಡುಗಿಯನ್ನು ಕರೆಸಿದಳು. ಹೆಸರು ವಲೇರಿಯಾ, ಕನ್ನಡಕ, ಕೈಯಲ್ಲಿ ದಪ್ಪ ಪುಸ್ತಕ. ಒಲೆಯ ಹೂವು ಒಂದು ಪುಟಕ್ಕೆ, ನೀವು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುತ್ತಿದ್ದ ಹೂವು ಇನ್ನೊಂದು ಪುಟಕ್ಕೆ, ಪೆಟ್ಟಿಗೆಯ ಮುಚ್ಚಳದಲ್ಲಿ ಕುದುರೆ ಕಟ್ಟಿ ಮರದಡಿ ತಂತಿ ಮೀಟುತ್ತ ಕೂತ ಕೊಸಾಕ್ ವೀರ ಮತ್ತೊಂದಕ್ಕೆ, ನನ್ನ ಬಾತುಕೋಳಿಗೂ ಒಂದು ಪುಟ. "ಅಜ್ಜಿ, ಇದು ಯಾವ ಶೈಲಿ ಅಂತ ಬರ್ಕೊಳ್ಳಲಿ?" ಎಂದಳು. "ಹೊಗೆ ಬರೋ ಜಾಗ ಬಿಟ್ಟು ಸ್ವಲ್ಪ ಪಕ್ಕಕ್ಕೆ ಬರೆಯೋ ಶೈಲಿ" ಎಂದೆ. ಅದನ್ನೂ ಬರೆದುಕೊಂಡಳು, ಪುಣ್ಯಾತ್ಗಿತ್ತಿ. ಕೊನೆಗೆ ನನ್ನ ಹೆಸರಿನ ಮುಂದೆ "ಯಾರಿಂದಲೂ ಕಲಿಯದೆ ತಾನೇ ಕಲಿತವರು" ಅಂತ ಬರೆದು ಓದಿ ಹೇಳಿದಳು. ನನಗೆ ರೇಗಿತು. "ಹೊಡಿ ಅದನ್ನ! ಯಾರಿಂದಲೂ ಕಲಿಯದೆ ಅಂದ್ರೆ ಏನು? ನನಗೆ ಅತ್ತೆ ಇದ್ರು!" ಎಂದೆ. ಅವಳು ಹೊಡೆದುಹಾಕಿ ನಿಮ್ಮ ಹೆಸರು ಬರೆದಳು. ಎದುರಿಗೇ ಕೂತು ಬರೆಸಿದ್ದೇನೆ, ಅಕ್ಷರ ತಪ್ಪಿಲ್ಲ.

ಆಮೇಲೆ ನಾನೇ ಅವಳನ್ನು ಆ ಮೂಲೆಗೆ ಕರೆದೊಯ್ದೆ. ಈ ಸುಣ್ಣದಡಿ ಒಂದು ಮಗುವಿನ ಬೆರಳಿದೆ, ನಾನು ಮುಚ್ಚಿದ್ದು, ಉಳಿದಿದೆಯೋ ನೋಡು ಎಂದೆ. ತೆಳ್ಳನೆಯ ಚಾಕುವಿನಿಂದ ಈರುಳ್ಳಿ ಸುಲಿದ ಹಾಗೆ ಸುಲಿದಳು. ಎರಡು ದಿನ ಹಿಡಿಯಿತು. ಪದರಕ್ಕೊಂದು ಗೊಂಚಲು, ಎಲ್ಲ ನನ್ನವೇ. ಕೊನೆಗೆ ನನ್ನ ಮೊದಲನೆಯದು ಬಂತು, ಹೆದರಿ ನಡುಗಿದ ಐದು ಚುಕ್ಕೆ. ಇದರಡಿ ಮೋತ್ರ್ಯಾ, ಇದ್ದರೆ. ನಾನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದೆ.

ಹುಡುಗಿ ಸುಲಿದಳು. ಐದು ಚುಕ್ಕೆ. ಇನ್ನೊಮ್ಮೆ ಸುಲಿದು, "ಅಜ್ಜಿ, ಇದರ ಕೆಳಗೂ ಇದೆ" ಎಂದಳು. ಅದರ ಕೆಳಗೂ. ಯುದ್ಧದ ವರ್ಷಗಳ ಮಸಿಯ ಕೆಳಗೂ. ಇಪ್ಪತ್ತು ಪದರ ಎಣಿಸಿದಳು. ಎಲ್ಲ ಒಬ್ಬಳೇ ಹೆಂಗಸಿನ ಕಿರುಬೆರಳು, ಎಲ್ಲದರಲ್ಲೂ ಕೆಳಗಿನದು ಎರಡು ಸಲ. ಎಲ್ಲಕ್ಕಿಂತ ಕೆಳಗೆ, ಬರಿ ಮಣ್ಣಿನ ಮೇಲೆ, ಒಂದು ಪುಟ್ಟ ಕೈ. ನಾಲ್ಕು ಚುಕ್ಕೆ ಮೇಲೆ, ಕೆಳಗೆ ಹೆಬ್ಬೆರಳಿನದು. ಅದು ಜಾರಿ ಎರಡಾಗಿತ್ತು.

ಅತ್ತೆ, ಹಾಗಾದರೆ ಅವಳನ್ನು ಮೊದಲು ಮುಚ್ಚಿದ್ದು ನೀವು. ಹಬ್ಬಕ್ಕೆ ಗೋಡೆ ಬೆಳ್ಳಗಿರಬೇಕು ಅಂತ, ಅವಳು ಹೋದ ಮರುವರ್ಷವೇ. ಮಗ ಮನೆಯಲ್ಲಿಲ್ಲದ ಹೊತ್ತು ನೋಡಿ ವರ್ಷವರ್ಷವೂ ಮುಚ್ಚಿದಿರಿ, ವರ್ಷವರ್ಷವೂ ಮತ್ತೆ ಇಟ್ಟಿರಿ. ಒಂದು ಮಾತು ಹೇಳಬಾರದಿತ್ತೇ? ಐವತ್ತು ವರ್ಷ! ಬೆಂಚಿನ ಮೇಲೆ ಕೂತು ನಿಮಗೆ ಬೈದೆ, ಕೇಳಿಸಿರಬೇಕು. ಆಮೇಲೆ ಅನ್ನಿಸಿತು, ಹೇಳಿದ್ದರೆ ನನ್ನ ಮನಸ್ಸು ಅಂದೇ ಹಗುರಾಗುತ್ತಿತ್ತು, ನಾಲ್ಕು ವಸಂತದಲ್ಲಿ ಮರೆತೂ ಬಿಡುತ್ತಿದ್ದೆ. ಅಥವಾ ನಿಮಗೆ ಹೇಳಲು ಬಾಯೇ ಬರಲಿಲ್ಲವೋ ಏನೋ. ಹೇಗಾದರೂ ಇರಲಿ. ಆ ದಿನ ನನ್ನನ್ನು ಹೊಡೆಯದೆ ನಿಮ್ಮ ಮಗಳ ಕೈಯನ್ನೇ ನನ್ನ ಕೈಗೆ ಕೊಟ್ಟಿರಿ. ನಾನು ಅದನ್ನು ಶಿಕ್ಷೆ ಅಂದುಕೊಂಡು ಹೊತ್ತೆ. ಪಾನಾಸ್ ಅಲ್ಲಿ ಸಿಕ್ಕಿದರೆ ಅವರಿಗೂ ತಿಳಿಸಿ, ಇನ್ನು ಬಾಯಿ ಮುಚ್ಚಿಕೊಂಡಿರಲಿ.

ಆ ಮೂಲೆಯ ತುಂಡನ್ನು ವಲೇರಿಯಾ ಹಸುಗೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿ ಒಯ್ದಳು. ಒಲೆ ಹೋಯಿತು. ಅಲ್ಲಿ ಈಗ ಬೋಳು ಹೊಸ ಗೋಡೆ. ಮೊನ್ನೆ ಹಬ್ಬದ ಗುರುವಾರ ಸ್ನಿಝಾನಾ ಅದಕ್ಕೆ ಸುಣ್ಣ ಬಳಿದಳು. ಗಂಟು ಬಿದ್ದಿತ್ತು. ನಾನು ನಾಲಗೆ ಕಚ್ಚಿಕೊಂಡೆ, ನಿಮ್ಮಾಣೆ. ಅವಳು ಕೈ ಒರೆಸಿಕೊಂಡು ಕತ್ತರಿ ತಂದಳು, ಬಲಗೈ ಕಿರುಬೆರಳಿನ ಆ ಉದ್ದ ಕೆಂಪು ಉಗುರನ್ನು ಬುಡಕ್ಕೆ ಕತ್ತರಿಸಿದಳು. "ಅತ್ತೆ, ಎಲ್ಲಿ ಇಡಲಿ?" ಎಂದಳು.

ಬಟ್ಟಲು ಹಿಡಿದು, ನೀವು ಹೇಳಿದ್ದನ್ನೇ ಹೇಳಿದೆ. ಕೆಳಗಿನದಕ್ಕೆ ಎರಡು ಸಲ ಯಾಕೆ ಎಂದು ಕೇಳಿದಳು. ನಾನು ಹೇಳಿದೆ. ಅದೊಂದರಲ್ಲಿ ನಿಮಗಿಂತ ಬೇರೆಯಾದೆ, ಕ್ಷಮಿಸಿ.

ಹಬ್ಬದ ಮುಂದಿನ ಭಾನುವಾರ ಸಮಾಧಿಗೆ ಬಂದು ಈ ಕಾಗದವನ್ನು, ಸತ್ತವರಿಗೆಂದು ಇಡುವ ಕೆಂಪು ಮೊಟ್ಟೆಯ ಕೆಳಗೆ ಇಡುತ್ತೇನೆ. ನೆಮ್ಮದಿಯಾಗಿ ಮಲಗಿ ಅತ್ತೆ, ನಿಮ್ಮ ಮೇಲಿನ ಮಣ್ಣು ಹತ್ತಿಯಷ್ಟು ಹಗುರಾಗಿರಲಿ. ಮೇಲಿನದೆಲ್ಲ ಬರಿ ಅಕ್ಷರ, ನಿಮಗೆ ಬೇಡ. ಅಡಿಯಲ್ಲಿ ಕಿರುಬೆರಳಿನಿಂದ ಐದು ಹಣ್ಣು ಇಟ್ಟಿದ್ದೇನೆ, ಕೆಳಗಿನದಕ್ಕೆ ಎರಡು ಸಲ. ಅದನ್ನು ಓದಿಕೊಳ್ಳಿ.

ನಿಮ್ಮಿಂದ ಕಲಿತವಳು,
ಹಪ್ಕಾ